ಉಪ್ಪು ಜಾಸ್ತಿ

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಚರಂಡಿ ಕೂಡ ನೀಲಿ.
ಜೀನ್ಸ್ ತೊಳೆಯೋ ಶೆಡ್ಡಿನಿಂದ ಬಂದರೆ
ಹಿಟ್ಟು ನಾದೋಕೂ ನಾಚಿಕೆ ನನಗೆ.
ಉಗುರಿನ ಬುಡದಲ್ಲಿ ಕೂತ ಬಣ್ಣ
ಹುಣಸೆಹಣ್ಣಿಗೂ ಬಗ್ಗಲ್ಲ, ಸೀಮೆಎಣ್ಣೆಗೂ ಬಗ್ಗಲ್ಲ.

ಜೀವರತ್ನ ಕಟಿಂಗ್ ಮಾಸ್ಟರ್.
ಒಂದೇ ಏಟಿಗೆ ಅರವತ್ತು ಪ್ಯಾಂಟಿನ ಕಾಲು
ಕತ್ತರಿಸುತ್ತಿದ್ದ ಕೈ
ಫೆಬ್ರುವರಿಯ ಒಂದು ಮಂಗಳವಾರ
ಮೇಜಿನ ಮೇಲೆ ಹಾಗೇ ಮಲಗಿತು.
ಬಾಯಿ ಓರೆಯಾಯಿತು.
ಮಾತು,
ದೊಡ್ಡಾಸ್ಪತ್ರೆಯ ಹನ್ನೊಂದನೇ ಮಂಚದಲ್ಲಿ
ಹುಡುಕಿದರು, ಸಿಗಲಿಲ್ಲ.

ಮನೆಗೆ ಕರಕೊಂಡು ಬಂದೆ.
ನೀರು ಅನ್ನೋಕೆ ಹೋಗಿ ದಾರ ಅಂತಿದ್ದ.
ನನ್ನ ಹೆಸರಿಗೂ ದಾರ,
ಮಗಳು ಸಂಪೂರ್ಣಳಿಗೂ ದಾರ.
ಆಮೇಲೆ ಅದೂ ಕಡಿದುಹೋಯಿತು.
ಗೋಡೆ ಕಡೆ ಮುಖ ಮಾಡಿದ.

ಸಭೆಯವರು ಬಂದರು,
ಕಿತ್ತಳೆಹಣ್ಣು ಇಟ್ಟು ಮೊಣಕಾಲೂರಿದರು.
"ಜಕರೀಯನ ಬಾಯಿ ಕಟ್ಟಿತ್ತು, ಮತ್ತೆ ಬಿಚ್ಚಲಿಲ್ಲವಾ?"
ಅಂದಳು ಎಸ್ತೇರಮ್ಮಜ್ಜಿ.
ಅವನಿಗೆ ದೂತ ಗಡುವು ಹೇಳಿದ್ದ ಅಜ್ಜಿ,
ಮಗು ಹುಟ್ಟೋವರೆಗೆ ಅಂತ.
ನಮಗೆ ಯಾರು ಬಂದು ಹೇಳಿದ್ದಾರೆ?
ಅನ್ನಬೇಕು ಅನ್ನಿಸಿತು.
ಟೀ ಸೋಸಿದೆ.

ನಿಜ ಹೇಳ್ತೀನಿ,
ಆಗ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ.
ಕಣ್ಣು ಮುಚ್ಚಿದರೆ ಬಡ್ಡಿ ಲೆಕ್ಕ,
ಫಿಸಿಯೋ ಹುಡುಗನ ಇನ್ನೂರು.
"ಕರ್ತನೇ" ಅಂತ ಶುರು ಮಾಡಿ ನಿದ್ದೆ ಹೋಗುತ್ತಿದ್ದೆ.
ಆಮೆನ್ ಹೇಳದೆ ಬಿಟ್ಟವು
ಚಾಪೆ ಕೆಳಗೆ ಹಾಗೇ ಬಿದ್ದಿರಬೇಕು.

ಶುಭ ಶುಕ್ರವಾರದ ಹಿಂದಿನ ರಾತ್ರಿ.
ಕರೆಂಟ್ ಇಲ್ಲ.
ಹಗಲೆಲ್ಲ ಕಾದ ಕೋಟೆ ಗುಡ್ಡ
ಹನ್ನೊಂದಾದರೂ ನಮ್ಮ ಮೇಲೆ ಉಸಿರು ಬಿಡುತ್ತಿತ್ತು.
ರಟ್ಟಿನಿಂದ ಗಾಳಿ ಬೀಸುತ್ತ
ಸುಮ್ಮನೆ ಗುನುಗಿದೆ,
ಅವರಪ್ಪ ಬಯಲಾಟದ ಮಟ್ಟಿಗೆ ಕಟ್ಟಿದ ಕೀರ್ತನೆ.
ಎರಡನೇ ಸಾಲು ನನಗೆ ಯಾವಾಗಲೂ ಮರೆಯುತ್ತೆ.
ಅಲ್ಲಿ ನಿಂತೆ.

ಕತ್ತಲಲ್ಲಿ ಅದು ಮುಂದುವರಿಯಿತು.

ನಾನಲ್ಲ.
ಸಂಪೂರ್ಣ ಮಲಗಿದ್ದಳು.
ಒರಟು, ಒದ್ದೆ, ಅರ್ಧ ತುಟಿಯ ದನಿ,
ಆದರೆ ಒಂದೊಂದು ಮಾತೂ ಇಡಿಯಾಗಿ,
ಎರಡನೇ ಸಾಲು, ಮೂರನೇದು,
ಪಲ್ಲವಿಗೆ ತಿರುಗಿ ಹಲ್ಲೆಲೂಯ.
ಮಂಚದ ಕಬ್ಬಿಣಕ್ಕೆ ಎಡಗೈ ತಾಳ.

ನಾನು ರಟ್ಟು ನಿಲ್ಲಿಸಲಿಲ್ಲ,
ನಿಲ್ಲಿಸಿದರೆ ಅವನೂ ನಿಲ್ಲಿಸಿಬಿಟ್ಟಾನು ಅಂತ.
ಕೈ ಸೋತು, ಕಣ್ಣು ಸುರಿದು,
ಬೀಸಿದೆ.

ಡಾಕ್ಟರಮ್ಮ ನಕ್ಕರು.
"ಆಗುತ್ತೆ ಕಣಮ್ಮ. ಮಾತಿನ ಮನೆ ತಲೆಯ ಎಡಗಡೆ,
ಹಾಡಿಗೆ ಬಲಗಡೆಯೂ ಜಾಗ ಇರುತ್ತೆ.
ಪವಾಡ ಅಂತ ತಿಳೀಬೇಡ."
ಇರಲಿ.
ಮುಂಬಾಗಿಲು ಬಿದ್ದುಹೋದೀತು ಅಂತ ಮೊದಲೇ ಯೋಚಿಸಿ
ಹಿತ್ತಲಿಗೊಂದು ಬಾಗಿಲು ಇಟ್ಟವನನ್ನ
ನಾನು ಇನ್ನೇನಂತ ಕರೀಲಿ?

ಈಗ ನಮ್ಮನೇಲಿ ಎಲ್ಲ ರಾಗದಲ್ಲೇ.
ನೀರು ಕೊಡು, ಅಪ್ಪನ ಕೀರ್ತನೆಯ ಮಟ್ಟು.
ಬೆನ್ನು ತುರಿಸು, ಅದೇ ಮಟ್ಟು, ಸ್ವಲ್ಪ ಜೋರು.
ಪಕ್ಕದ ಖಾಜಾಬೀ ಗೋಡೆ ತಟ್ಟಿ ಕೇಳ್ತಾಳೆ,
"ಏನ್ ದಿನಾ ಹಬ್ಬ ನಿಮಗೆ?"

ಬಡ್ಡಿ ಹಾಗೇ ಐತೆ. ಬಲಗೈ ಹಾಗೇ ಐತೆ.
ಮೊದಲ ಭಾನುವಾರ ಕರ್ತನ ಭೋಜನಕ್ಕೆ ಕೈ ಚಾಚಿದೆ.
ರೊಟ್ಟಿಯ ಚೂರಿನ ಮೇಲೆ ನನ್ನ ಹೆಬ್ಬೆರಳಿನ ನೀಲಿ.
ಮೊದಲೆಲ್ಲ ಸೆರಗಲ್ಲಿ ಮುಚ್ಚುತ್ತಿದ್ದೆ.
ಕೈಯ ಗುರುತು ತೋರಿಸಿ ಗೆಳೆಯರನ್ನ ನಂಬಿಸಿದವನ
ಮೇಜು ಅಲ್ಲವಾ ಇದು?
ನೀಲಿ ಸಮೇತ ತಿಂದೆ.

ಮನೆಗೆ ಬಂದು ಬೇಳೆಸಾರು ಬಡಿಸಿದೆ.
ಒಂದು ತುತ್ತು ಬಾಯಿಗಿಟ್ಟ,
ಗಂಟಲು ಸರಿಮಾಡಿಕೊಂಡ,
ಎಡಗೈ ಎತ್ತಿ
ಸಭೆಯ ಮುಂದೆ ನಿಂತವನ ಗಾಂಭೀರ್ಯದಲ್ಲಿ ಹಾಡಿದ:
ಉಪ್ಪು ಜಾಸ್ತಿ, ಉಪ್ಪು ಜಾಸ್ತಿ, ಎಲೀಸಮ್ಮಾ...

ಹೆಸರು.
ಫೆಬ್ರುವರಿಯಿಂದ ಮೊದಲ ಸಲ ನನ್ನ ಹೆಸರು!

ಬಿ.ಪಿ. ಇರೋನು, ಉಪ್ಪು ಕಮ್ಮಿ ಹಾಕಬೇಕು, ಗೊತ್ತು.
ಸಂಪೂರ್ಣ ನಗುತ್ತ ತಟ್ಟೆಗೆ ಬಿಸಿನೀರು ಸುರಿದಳು.
ನನಗೆ ಸೌಟು ಹಿಡಿಯೋಕೇ ಆಗುತ್ತಿಲ್ಲ.
ಗೋಡೆಯಾಚೆ ಖಾಜಾಬೀ
ತಟ್ಟಿದಳು, ಇನ್ನೊಮ್ಮೆ ತಟ್ಟಿದಳು,
ಈ ಸಲ
ತಾಳಕ್ಕೆ ಸರಿಯಾಗಿ.