ಗಂಟು

ಮಸ್ಕತ್ತಿನ ಈ ಮತ್ರಾಕ್ಕೆ ಹೊಸಬ ಯಾರೇ ಬಂದಿಳಿಯಲಿ,
ಮೊದಲ ಶುಕ್ರವಾರ ಅವನಿಗೆ ಬಿರಿಯಾನಿ, ಎರಡನೆಯದಕ್ಕೆ ಈ ಕತೆ:
ಕೊಲ್ಲಿಯುದ್ಧ ಮುಗಿದ ವರ್ಷ, ಸೆಕೆಗಾಲ,
ಮೀನುಪೇಟೆಯಿಂದ ಗುಡ್ಡದ ಬುಡದವರೆಗೆ
ನಾಲ್ಕು ತಿಂಗಳಲ್ಲಿ ಐದು ಹೆಣ.
ಐದೂ ಕೊರಳಿಗೆ ಒಂದೇ ನೂಲು, ಒಂದೇ ಗಂಟು.
ಆಮೇಲೆ ನಿಂತುಹೋಯಿತು,
ಶುರುವಾದ ಹಾಗೆಯೇ, ಯಾರನ್ನೂ ಕೇಳದೆ.

ಹೇಳುವವನು ಹೆಚ್ಚಾಗಿ ಲಾಂಡ್ರಿಯ ಪಾಸ್ಕಲ್.
ಅವನು ಬಂದದ್ದೇ ಏಳು ವರ್ಷ ತಡವಾಗಿ. ಆದರೂ
ಕೊನೆಯವನ ಚಪ್ಪಲಿ ತಾನೇ ಕಂಡವನ ಹಾಗೆ ದನಿ ತಗ್ಗಿಸುತ್ತಾನೆ.
ಹಡಗಿನ ಅಡುಗೆಯವನಂತೆ. ಅಲ್ಲ, ಡಾಕ್ಟರನಂತೆ.
ಊರಿಗೆ ಹೋಗಿ ಜೀನಸಿನಂಗಡಿ ಇಟ್ಟು ಸುಖವಾಗಿದ್ದಾನಂತೆ.
ಒಂದೊಂದು ಅಂತೆಗೂ
ಹೊಸಬನ ಚಹಾ ಇನ್ನಷ್ಟು ಆರುತ್ತದೆ.

ನಾನು ಕಾಜಾ ಹೊಲಿಯುತ್ತಿರುತ್ತೇನೆ.

ಆಗ ಪೊಲೀಸರು ದರ್ಜಿಗಳನ್ನೆಲ್ಲ ಕರೆಸಿದ್ದರು.
ಬಿಳಿ ಕಾಗದದ ಮೇಲೆ ಕತ್ತರಿಸಿಟ್ಟ ತುಂಡು.
ಇದು ನಿಮ್ಮ ಕಸುಬಿನ ಗಂಟೇ?
ಅಲ್ಲ ಅಂದೆ. ಅದು ನಿಜ.
ಮತ್ತೆ ಯಾವ ಕಸುಬಿನದು?
ಗೊತ್ತಿಲ್ಲ ಅಂದೆ.

ಗಂಗೊಳ್ಳಿಯ ದಕ್ಕೆಯಲ್ಲಿ ಅಪ್ಪಯ್ಯ ಬಲೆ ಕಟ್ಟುವಾಗ
ಎಡಕ್ಕೆರಡು ಸುತ್ತು, ಹೊಟ್ಟೆಯೊಳಗಿಂದ ಒಂದೆಳೆ,
ಕೊನೆಗೆ ಹಲ್ಲಲ್ಲಿ ಬಿಗಿತ.
'ಇದ್ ಬಿಚ್ಚೂಕಾತಿಲ್ಲೆ ಮಗಾ, ಕೊಯ್ಕೇ.'

ಸೂರ್‌ನ ಮೀನುಗಾರನೂ ಹಾಗೇ ಕಟ್ಟಬಹುದು,
ಗ್ವಾದರಿನವನೂ. ಸಮುದ್ರ ಒಂದೇ ತಾನೆ.
ಆದರೆ ಆ ವರ್ಷ ನಮ್ಮ ಕೋಣೆಯಲ್ಲಿ ಹನ್ನೊಂದು ಮಂದಿ,
ಆರು ಜನ ಗಂಗೊಳ್ಳಿಯವರೇ.
ಒಂದೇ ತಟ್ಟೆಯ ಸುತ್ತ ಕೂತು
ಯಾರ ಕೈಯನ್ನು ನೋಡಿಕೊಂಡು ಉಣ್ಣುವುದು?

ಅವರಲ್ಲಿ ಇಬ್ಬರು ತೀರಿಕೊಂಡರು, ಹಾಸಿಗೆಯಲ್ಲೇ, ಮಕ್ಕಳು ಮರಿಯ ನಡುವೆ.
ಉಳಿದವರ ಮದುವೆಮನೆಗಳಲ್ಲಿ ಉಂಡಿದ್ದೇನೆ.
ಇವತ್ತಿಗೂ ಯಾರ ತೋಳಿನ ಅಳತೆ ತೆಗೆದರೂ
ಟೇಪು ಮಣಿಕಟ್ಟಿನಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುತ್ತದೆ.
ಷಟರ್ ಎಳೆದ ಮೇಲೆ, ಉಳಿದ ದಾರದಲ್ಲಿ
ಆ ಗಂಟು ಕಟ್ಟಿ ನೋಡುತ್ತೇನೆ.
ಬಾರದಿರಲಿ ಅಂತಲೇ ಕಟ್ಟುವುದು.
ಬರುತ್ತದೆ.

ಮೊನ್ನೆ ತಲಪಾಡಿಯ ಹುಡುಗ, ಝುಬೈರ್,
ಕತೆಯ ನಡುವೆ ಕೇಳಿಬಿಟ್ಟ: ಸತ್ತವರ ಹೆಸರೇನು?
ಪಾಸ್ಕಲ್ ತಲೆ ಕೆರೆದುಕೊಂಡ.
ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.
'ಒಬ್ಬ ಕುಂಞಾಲಿ' ಅಂದೆ ನಾನು.
'ಪ್ಯಾಂಟಿನ ಉದ್ದ ಮೂವತ್ತೆಂಟೂವರೆ.
ಅರ್ಧ ರಿಯಾಲು ಮುಂಗಡ ಕೊಟ್ಟಿದ್ದ.'
ಉಳಿದ ನಾಲ್ವರು ನೆನಪಿಗೆ ಬರಲಿಲ್ಲ.

ಅದಿರಲಿ ಉಸ್ತಾದ್, ಅಂದ ಹುಡುಗ, ಸ್ಟೂಲು ಹತ್ತಿರ ಎಳೆದುಕೊಂಡು,
ಆ ಗಂಟು ಹೇಗಿತ್ತು?

ಗುಂಡುಸೂಜಿ ನಾಲ್ಕು ತುಟಿಯಲ್ಲಿ ಕಚ್ಚಿಕೊಂಡು
ಬಾಗಿದೆ, ಯಾರದೋ ಪ್ಯಾಂಟಿನ ಅಂಚಿಗೆ.