ತಿದ್ದುಪಡಿ

ಪೊಟೋಮ್ಯಾಕ್ ಕಡೆಯ ಕಿಟಕಿ ಮುಚ್ಚಿ
ಓಡೆಸ್ಸಾ ಟ್ರಿಂಬಲ್ ಯಂತ್ರಕ್ಕೆ ಹಾಳೆ ಏರಿಸಿದಳು.
ವಿನಿಯೋಗ ಸಮಿತಿಯ ಕಚೇರಿ. ರಾತ್ರಿ ಹನ್ನೊಂದು.

ಈ ಹಣದಲ್ಲಿ ಒಂದು ಬಿಡಿಗಾಸೂ
ಮೇ ಮೂವತ್ತೊಂದರ ನಂತರ
ಬಾಂಬಿಗೆ ಸಲ್ಲತಕ್ಕದ್ದಲ್ಲ.

ಇಷ್ಟೇ. ಕಾಯಿದೆಯ ಒಣ ಕನ್ನೆಲ.
ಆದರೂ ಕೊನೆಯ ಪದದ ಮೇಲೆ
ಬೆರಳು ತುಸು ಜೋರಾಗಿಯೇ ಬಿತ್ತು.

ಅಷ್ಟರಲ್ಲಿ ಅಧ್ಯಕ್ಷರ ಮನೆಯಿಂದ ಫೋನು.
ಯುದ್ಧ ಶುರುಮಾಡುವಾಗ ಯಾರನ್ನೂ ಕೇಳದವರು
ಮುಗಿಸಲು ಮಾತ್ರ ಕಾಲಾವಕಾಶ ಕೇಳುತ್ತಾರೆ.
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ:
ಎಂಟು ವರ್ಷ ಕೊಡುತ್ತಲೇ ಬಂದ ಮುದುಕರು
ಪಕ್ಕದ ಕೋಣೆಯಲ್ಲಿ ಚುರುಟು ಹಿಡಿದು
ತಲೆ ಎಣಿಸುತ್ತಿದ್ದರು.
ಥೈಲಿ ನಮ್ಮ ಕೈಲಿ, ವೀಟೋ ಅವನ ಕೈಲಿ,
ಮೂರನೇ ಎರಡರಷ್ಟು ಕೈ ಎತ್ತುವವರು ಎಲ್ಲಿ?
ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಮಿಸ್ ಟ್ರಿಂಬಲ್, ಜುಲೈ ಹತ್ತು ಅಂತ ಮಾಡಿಬಿಡಿ."

ಹೊಸ ಹಾಳೆಗೆ ಹೊತ್ತಿರಲಿಲ್ಲ.
ಉಗುರುಬಣ್ಣದಂಥ ಪುಟ್ಟ ಸೀಸೆ, ಪುಟ್ಟ ಕುಂಚ.
ನಡುವಿನ ಸಾಲಿಗೆ ಪೂರಾ ಬಿಳಿ ಬಳಿದು
ಬಾಯಿಂದ ಊದಿದಳು.
ಆರಲು ಅರ್ಧ ನಿಮಿಷ.

ಅಷ್ಟು ಹೊತ್ತು ಕಾಯಿದೆಗೆ ತಾರೀಖೇ ಇರಲಿಲ್ಲ:
ಈ ಹಣದಲ್ಲಿ ಒಂದು ಬಿಡಿಗಾಸೂ

ಬಾಂಬಿಗೆ ಸಲ್ಲತಕ್ಕದ್ದಲ್ಲ.

ಅವಳೊಬ್ಬಳೇ ಓದಿದ್ದು ಅದನ್ನು.

ಆಮೇಲೆ ಜುಲೈ ಹತ್ತು ಟೈಪಾಯಿತು,
ಬೆಳಗ್ಗೆ ಮತಕ್ಕೂ ಹೋಯಿತು, ಗೆದ್ದಿತು,
ಯಾರೋ ಬೆನ್ನು ತಟ್ಟಿಕೊಂಡರು.

ಮೂಲಪ್ರತಿ ಇನ್ನೂ ಕಡತದಲ್ಲಿದೆ.
ಆ ಸಾಲಿನ ಮೇಲೆ ಬೆರಳಾಡಿಸಿದರೆ
ತುಸು ಉಬ್ಬು ತಾಗುತ್ತದೆ.
ನಲವತ್ತು ದಿನ.