ಅಡ್ಡಹೆಸರು

ತಗಡಿನ ಪೆಟ್ಟಿಗೆ, ಏಳನೆಯದು.
ಕೀಲಿ ಕಳೆದು ಎಷ್ಟು ಕಾಲವಾಯಿತೋ,
ಬೆಂಜಮಿನ್ ಮೇತ್ರಿ ಕುಡುಗೋಲಿನ ತುದಿಯಿಂದ ಮೀಟಿ
‘ಹುಷಾರ್ರೀ ಅಕ್ಕಾರ, ಚೇಳು ಇರ್ತಾವ’ ಎಂದ.
ಚೇಳು ಇರಲಿಲ್ಲ.
ಬೆಳ್ಳಿಹುಳಗಳಿದ್ದವು,
ಮತ್ತು ಹೆಸ್ಟರ್ ಕ್ರೋವೆಲ್.

ಬೆಳಗಾವಿ, ಕ್ಯಾಂಪು, ಇಗರ್ಜಿಯ ಹಿಂದಿನ ಕೋಣೆ.
ಮೈದಾನದಿಂದ ಹೊಸ ರಂಗರೂಟುಗಳ ಬೂಟಿನ ಸದ್ದು.
ದಿನಕ್ಕೆ ಐನೂರೈವತ್ತು ನನಗೆ:
ಮಡಿಕೆ ಬಿಡಿಸು, ಕುಂಚದಿಂದ ಧೂಳು ಕೊಡವು,
ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗಿಸು, ಪಟ್ಟಿಗೆ ಸೇರಿಸು.
ಓದು ಎಂದು ಯಾರೂ ಹೇಳಿಲ್ಲ.
ಓದಬೇಡ ಎಂದೂ.

ಅಂಚೆಗೆ ತೂಕದ ಲೆಕ್ಕ ಆಗ.
ಹಾಳೆ ತುಂಬಿದ ಮೇಲೆ ಅದನ್ನೇ ಕಾಲುಸುತ್ತು ತಿರುಗಿಸಿ
ಬರೆದುದರ ಮೇಲೇ ಅಡ್ಡ ಬರೆದಿದ್ದಾಳೆ,
ಶಹಾಪುರದ ಮಗ್ಗದ ಹಾಗೆ:
ಹಾಸಿನಲ್ಲಿ ತಂಗಿಗೆ ಸುದ್ದಿ, ಹೊಕ್ಕಿನಲ್ಲಿ ಕವಿತೆ.
‘ಇಲ್ಲಿ ಬೆಣ್ಣೆ ಬೇಗ ಕರಗುತ್ತದೆ’ ಎಂಬ ಸಾಲಿನ ಬೆನ್ನೇರಿ
ಏನೋ ಒಂದು ನಕ್ಷತ್ರ ಹಾದುಹೋಗುತ್ತದೆ.
ಕಣ್ಣು ಕಿರಿದು ಮಾಡಿದರೆ ಬೆಣ್ಣೆ,
ದೊಡ್ಡದು ಮಾಡಿದರೆ ನಕ್ಷತ್ರ.

ಲಂಡನ್ನಿನ ಪತ್ರಿಕೆಯೊಂದರ ಉತ್ತರ, ನಾಲ್ಕು ತಿಂಗಳು ಹಡಗಿನಲ್ಲಿ ನೆನೆದದ್ದು:
ಮಾನ್ಯ ಶ್ರೀಮತಿಯವರೇ, ಇಷ್ಟು ದುಃಖ ಬೇಡ,
ಹೂವುಗಳ ಬಗ್ಗೆ ಬರೆಯಿರಿ.
ಅದರ ಬೆನ್ನಿಗೆ ಮಡಿವಾಳನ ಲೆಕ್ಕ.
ದಿಂಬಿನ ಚೀಲ ಎಂಟು, ಅಂಗಿ ಹದಿನಾರು,
ಕೂಸಿನ ಕುಲಾವಿ ಮೂರು.
ಮುಂದಿನ ತಿಂಗಳ ಲೆಕ್ಕದಲ್ಲಿ ಕುಲಾವಿ ಇಲ್ಲ.
ಅದರ ಮುಂದಿನದರಲ್ಲೂ ಇಲ್ಲ.
ಕೊನೆಯ ಸಾಲು ಪ್ರತಿ ತಿಂಗಳೂ ಒಂದೇ:
ಆಯಾ ಸಟೋವಾ, ಎರಡು ರೂಪಾಯಿ.

ಆಮೇಲೆ ಆ ಹಾಳೆ ಬಂತು, ನಲವತ್ತೆರಡನೆಯದು.
ಇಂಗ್ಲಿಷ್ ಅಕ್ಷರ, ಆದರೆ ಇಂಗ್ಲಿಷಲ್ಲ.
ಹಳೆಯ ಪಾದ್ರಿಯೊಬ್ಬರು ಪೆನ್ಸಿಲಿನಲ್ಲಿ ಷರಾ ಹಾಕಿದ್ದಾರೆ:
‘ಮಗುವನ್ನು ನಗಿಸಲು ಬರೆದ ಅರ್ಥವಿಲ್ಲದ ಪದಗಳು’.
ನಾನೂ ಹಾಗೇ ಪಟ್ಟಿಗೆ ಬರೆದು
ಚಹಾಕ್ಕೆ ಎದ್ದವಳು, ಸುಮ್ಮನೆ, ಬಾಯಿ ಬಿಟ್ಟು ಓದಿದೆ:
ಕುಲೂ ಟಿರಗೋ ಟನುಕಾ
ಸೋಲೂ ನಿಲದೂ ಟಾಯೀ.
ಮತ್ತೊಮ್ಮೆ ಓದಿದೆ.
ನನ್ನ ಬಲಗೈ ತಾನೇ ಗೂಟ ಹಿಡಿದ ಹಾಗೆ
ಸುತ್ತತೊಡಗಿತು.

ಕಲ್ಲು ತಿರುಗೋ ತನಕ ಸೊಲ್ಲು ನಿಲ್ಲದು ತಾಯಿ
ಎಲ್ಲಿಯದೊ ಹಡಗು ಎಲ್ಲಿಯದೊ ಕೂಸವ್ವ
ಇಲ್ಲಿ ಮಣ್ಣಾಗಿ ಮಲಗೈತಿ

ಸಟೋವಾ ಅಲ್ಲ ಮತ್ತೆ.
ಸಾತವ್ವ.

ಬೀಸುವ ಕಲ್ಲಿನ ಮುಂದೆ ಅವಳು,
ಬಾಗಿಲಿಗೆ ಆತು ಇವಳು, ದೌತಿ ಹಿಡಿದು;
ಯಾರು ಯಾರನ್ನು ಸಂತೈಸಿದರೋ, ಅಥವಾ ಬರೀ ಹಿಟ್ಟು ಬೇಕಿತ್ತೋ,
ಹಾಳೆ ಹೇಳುವುದಿಲ್ಲ.
ಇಷ್ಟು ಮಾತ್ರ ಇದೆ: ಆ ಮೂರು ಸಾಲಿನ ಕೆಳಗೆ
ಇಂಗ್ಲಿಷಿಗೆ ತರಲು ಹೋಗಿದ್ದಾಳೆ ಹೆಸ್ಟರ್, ಹನ್ನೊಂದು ಸಲ.
ಒಂದರಲ್ಲಿ ಲಿಲ್ಲಿ ಹೂ, ಒಂದರಲ್ಲಿ ದೇವದೂತ.
ಹನ್ನೊಂದನ್ನೂ ಹೊಡೆದುಹಾಕಿದ್ದಾಳೆ,
ನಿಬ್ಬು ಹಾಳೆಯನ್ನು ಹರಿಯುವಷ್ಟು ಒತ್ತಿ.

ನಮ್ಮವ್ವನಿಗೂ ಹಾಡು ಬರುತ್ತಿದ್ದವು.
ಊರಿಗೆ ಗಿರಣಿ ಬಂದ ವರ್ಷ ನಾನು ಹುಟ್ಟಿದೆ,
ಕಲ್ಲು ಹಿತ್ತಲಿಗೆ ಹೋಯಿತು. ಒಮ್ಮೆ ಕೇಳಿದ್ದಕ್ಕೆ
‘ಕೈ ಆಡದ ಬಾಯಿ ಆಡೂದುಲ್ಲ ಬಿಡ’ ಅಂದಿದ್ದಳು.
ನಾನು ಬರೆದುಕೊಳ್ಳಲಿಲ್ಲ.
ನನ್ನ ಬಳಿ ಪೆನ್ನಿತ್ತು, ನೋಟುಬುಕ್ಕಿತ್ತು.

ಪಟ್ಟಿಯಲ್ಲಿ ಕವಿಯ ಹೆಸರಿನ ಕಾಲಂ.
ಕ್ರೋವೆಲ್ ಅಳಿಸಿ ಸಾತವ್ವ ಎಂದು ಒತ್ತಿದೆ.
ಅಡ್ಡಹೆಸರು ಇಲ್ಲದೆ ಮುಂದೆ ಹೋಗಲು ಯಂತ್ರ ಒಪ್ಪದು,
ಸಾಲು ಕೆಂಪಾಗಿ ಮಿಣುಕುತ್ತದೆ.
‘ಬ್ಯಾರೆ ಏನರ ಹಾಕ್ರಿ, ಯಾರ ನೋಡ್ತಾರ’ ಎಂದ ಬೆಂಜಮಿನ್,
ಎರಡು ಬಸಿಯಲ್ಲಿ ಚಹಾ ಸುರಿಯುತ್ತ.

ಹಾಕಿಲ್ಲ.
ನಲವತ್ತಮೂರನೆಯ ಹಾಳೆ ಬಿಡಿಸಿದೆ: ಕುದುರೆಗೆ ಹುರುಳಿ,
ಅರ್ಧ ಮಣ.